ಪವರ್ ವಿಂಡೋ ಕೈಕೊಟ್ಟಾಗ: ಹೊಸ ಮೋಟರ್ ಕೊಳ್ಳುವ ಮುಂಚೆ ನೋಡಬೇಕಾದ್ದು

ಇಳಿದ ಗ್ಲಾಸ್ ಮೇಲೇರದೆ ನಿಂತರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ‘ಮೋಟರ್ ಹೋಗಿದೆ’. ಎಷ್ಟೋ ಸಲ ಮೋಟರ್ ಸರಿಯಾಗಿಯೇ ಇರುತ್ತದೆ. ಸ್ವಿಚ್ಚಿನೊಳಗೆ ಸುಟ್ಟ ಪಾಯಿಂಟ್ (ಕರೆಂಟ್ ಕೂಡಿಸುವ ಲೋಹದ ತುಣುಕು), ಬಾಗಿಲ ಕೀಲಿನ ಬಳಿ ತುಂಡಾದ ವೈರ್, ಒಣಗಿ ಗ್ಲಾಸನ್ನು ಬಿಗಿಹಿಡಿದ ಬೀಡಿಂಗ್ (ಗ್ಲಾಸ್ ಜಾರುವ ರಬ್ಬರ್ ಪಟ್ಟಿ), ಇವುಗಳಲ್ಲಿ ಒಂದರ ತಪ್ಪನ್ನು ಮೋಟರ್ ಮೇಲೆ ಹೊರಿಸಲಾಗುತ್ತದೆ. ಮೋಟರ್ ನಿಜವಾಗಿಯೂ ಸುಟ್ಟಿದ್ದರೂ ಅದನ್ನು ಸುಟ್ಟ ಕಾರಣ ಬಾಗಿಲಲ್ಲೇ ಉಳಿದಿರುತ್ತದೆ. ಅದನ್ನು ಹುಡುಕದೆ ಹಾಕಿದ ಹೊಸ ಮೋಟರ್ ಕೂಡ ಹೆಚ್ಚು ದಿನ ಬಾಳುವುದಿಲ್ಲ. ಆದ್ದರಿಂದ ಮೊದಲು ಕಿವಿಗೊಟ್ಟು ಕೇಳಿ, ಆಮೇಲೆ ಅಳೆಯಿರಿ, ಬಾಗಿಲು ಬಿಚ್ಚುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಕರೆಂಟಿನ ದಾರಿ ಸರಳವಾದದ್ದು. ಬ್ಯಾಟರಿಯ 12 ವೋಲ್ಟ್ ಫ್ಯೂಸ್ ಮೂಲಕ, ಇಗ್ನಿಷನ್ ಆನ್ ಆದಾಗ ಕೂಡಿಕೊಳ್ಳುವ ರಿಲೇ ಮೂಲಕ ಸ್ವಿಚ್ಚಿಗೆ ಬಂದು, ಅಲ್ಲಿಂದ ಮೋಟರಿಗೆ ಹೋಗುತ್ತದೆ. ಹಳೆಯ ಮತ್ತು ಸಾಧಾರಣ ಕಾರುಗಳ ಮೋಟರಿಗೆ ಎರಡೇ ವೈರ್. ಸುಮ್ಮನಿದ್ದಾಗ ಅವೆರಡೂ ಸ್ವಿಚ್ ಮೂಲಕ ಅರ್ಥ್‌ಗೆ, ಅಂದರೆ ಬ್ಯಾಟರಿಯ ನೆಗೆಟಿವ್ ಕಡೆಗೆ, ಸೇರಿರುತ್ತವೆ. ಸ್ವಿಚ್ ಎತ್ತಿದರೆ ಒಂದು ವೈರ್ ಅರ್ಥ್ ಬಿಟ್ಟು 12 ವೋಲ್ಟ್ ಹಿಡಿಯುತ್ತದೆ, ಒತ್ತಿದರೆ ಇನ್ನೊಂದು. ಮೋಟರ್ ಯಾವ ಕಡೆ ತಿರುಗಬೇಕು ಎನ್ನುವುದು ಇಷ್ಟರಿಂದಲೇ ತೀರ್ಮಾನವಾಗುತ್ತದೆ. ಹಾಗಾಗಿ ಪಾಸಿಟಿವ್ ಬರುತ್ತಿದೆಯೇ ಎಂದು ಮಾತ್ರ ನೋಡಿದರೆ ಅರ್ಧ ಕೆಲಸವಷ್ಟೇ ಆದಂತೆ. ವಾಪಸ್ ಹೋಗುವ ಅರ್ಥ್ ದಾರಿ ಕೂಡ ಸ್ವಿಚ್ಚಿನೊಳಗಿಂದಲೇ ಹಾಯುತ್ತದೆ, ಹೆಚ್ಚಿನವರು ಎಡವುವುದು ಅಲ್ಲೇ.

ಮೋಟರಿನ ತಿರುಗಾಟವನ್ನು ಗ್ಲಾಸಿನ ಏರಿಳಿತವಾಗಿ ಮಾಡುವುದು ರೆಗ್ಯುಲೇಟರ್. ಗ್ಯಾರೇಜುಗಳಲ್ಲಿ ಇದಕ್ಕೆ ಗ್ಲಾಸ್ ಮೆಷಿನ್ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಒಂದು ಕತ್ತರಿ ಮೆಷಿನ್: ಹಲ್ಲಿನ ಪಟ್ಟಿ, ಅದಕ್ಕೆ ಜೋಡಿಸಿದ ಉಕ್ಕಿನ ತೋಳುಗಳು, ಗ್ಲಾಸಿನ ಭಾರಕ್ಕೆ ಆಸರೆಯಾಗಿ ಒಂದು ಸುರುಳಿ ಸ್ಪ್ರಿಂಗ್. ಇನ್ನೊಂದು ಕೇಬಲ್ ಮೆಷಿನ್: ಬಾವಿಯ ರಾಟೆಗೆ ಸುತ್ತಿದ ಹಗ್ಗದಂತೆ ಒಂದು ಡ್ರಮ್ಮಿಗೆ ಸುತ್ತಿದ ಉಕ್ಕಿನ ಕೇಬಲ್, ಅದು ಹಳಿಯ ಮೇಲೆ ಎಳೆದಾಡುವ ಪ್ಲಾಸ್ಟಿಕ್ ಸ್ಲೈಡರ್, ಸ್ಲೈಡರಿಗೆ ಬಿಗಿದ ಗ್ಲಾಸ್. ಈಗಿನ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು. ಹಗುರ, ಅಗ್ಗ. ಆದರೆ ಅದರ ಪ್ಲಾಸ್ಟಿಕ್ ಸ್ಲೈಡರ್ ಮತ್ತು ಕೇಬಲ್ ತುದಿಯ ಹಿಡಿಕೆಗಳೇ ಮೊದಲು ಮುರಿಯುವ ಭಾಗಗಳು.

ಮೊದಲು ಕಿವಿ

ಇಗ್ನಿಷನ್ ಆನ್ ಮಾಡಿ, ಎಂಜಿನ್ ಮತ್ತು ಎಸಿ ಬಂದ್ ಇರಲಿ. ಬಾಗಿಲಿಗೆ ಕಿವಿಯಿಟ್ಟು ಸ್ವಿಚ್ ಆಡಿಸಿ.

ಮೋಟರ್ ಗುಂಯ್ ಎಂದು ತಿರುಗುತ್ತದೆ, ಗ್ಲಾಸ್ ಕದಲುವುದಿಲ್ಲ: ವೈರಿಂಗ್ ಸರಿ ಇದೆ, ಮೆಷಿನ್ ಮುರಿದಿದೆ. ಕರಕರ, ಟಕಟಕ ಸದ್ದು ಬಂದರೆ ಕೇಬಲ್ ಡ್ರಮ್ಮಿನಿಂದ ಜಾರಿ ಸಿಕ್ಕು ಬಿದ್ದಿದೆ, ಇಲ್ಲವೇ ಹಲ್ಲು ಸವೆದಿದೆ. ಗ್ಲಾಸ್ ದಢಾರನೆ ಬಾಗಿಲೊಳಗೆ ಬಿದ್ದಿದ್ದರೆ ಸ್ಲೈಡರ್ ತುಂಡಾಗಿದೆ. ಗ್ಲಾಸ್ ಒಂದು ಮೂಲೆ ಮೇಲಾಗಿ ಓರೆಯಾಗಿ ಏರುತ್ತಿದ್ದರೆ ಎರಡು ಹಿಡಿಕೆಗಳಲ್ಲಿ ಒಂದು ಬಿಟ್ಟಿದೆ, ಅಥವಾ ಗ್ಲಾಸ್ ತನ್ನ ರಬ್ಬರ್ ಚಾನೆಲ್‌ನಿಂದ ಹೊರಬಂದಿದೆ.

ಸದ್ದೇ ಇಲ್ಲದಿದ್ದರೆ ಒಳಗಿನ ರೂಫ್ ಲೈಟ್ ಹಾಕಿ ಮತ್ತೆ ಸ್ವಿಚ್ ಒತ್ತಿ. ಲೈಟ್ ತುಸು ಮಂಕಾದರೆ ಕರೆಂಟ್ ಹರಿಯುತ್ತಿದೆ, ಮೋಟರ್ ಅಥವಾ ಮೆಷಿನ್ ಎಲ್ಲೋ ಬಿಗಿದು ನಿಂತಿದೆ. ಮಂಕಾಗದಿದ್ದರೆ ದಾರಿ ಎಲ್ಲೋ ಕಡಿದಿದೆ. ಪುಕ್ಕಟೆ ಪರೀಕ್ಷೆ, ಆದರೆ ಎಲ್‌ಇಡಿ ಲೈಟ್ ಹಾಕಿಸಿದ್ದರೆ ಅಷ್ಟಾಗಿ ನಂಬಬೇಡಿ. ವೋಲ್ಟೇಜ್ ಸ್ವಲ್ಪ ಕುಸಿದರೂ ಕೆಲವು ಎಲ್‌ಇಡಿಗಳ ಬೆಳಕು ಬದಲಾಗುವುದಿಲ್ಲ.

ಇನ್ನೊಂದು: ಒಬ್ಬರು ಸ್ವಿಚ್ ಎತ್ತಿ ಹಿಡಿದಿರಲಿ, ಮತ್ತೊಬ್ಬರು ಬಾಗಿಲ ಒಳಮೈಗೆ, ಮೋಟರ್ ಇರುವ ಜಾಗಕ್ಕೆ ಅಂಗೈಯಿಂದ ಬಡಿಯಲಿ. ಆಗ ಎದ್ದು ತಿರುಗಿದರೆ ಮೋಟರಿನ ಕಾರ್ಬನ್ ಬ್ರಷ್ ಸವೆದಿದೆ. ಮಳೆ ಹನಿಯುವಾಗ ಗ್ಲಾಸ್ ಕೆಳಗೇ ನಿಂತಿದ್ದರೆ ತತ್ಕಾಲಕ್ಕೆ ಮುಚ್ಚಲು ಇದೇ ಉಪಾಯ. ಸ್ವಿಚ್ ಎತ್ತಿ ಹಿಡಿದಂತೆಯೇ ಎರಡೂ ಅಂಗೈಗಳಲ್ಲಿ ಗ್ಲಾಸನ್ನು ಒಳಗೂ ಹೊರಗೂ ಒತ್ತಿ ಮೇಲಕ್ಕೆ ಎಳೆದರೆ ಬಹಳ ಸಲ ಏರುತ್ತದೆ. ಏರಿದ ಮೇಲೆ ಮತ್ತೆ ಇಳಿಸಿ ನೋಡುವ ಚಪಲ ಬೇಡ.

ಸ್ವಲ್ಪ ಹೊತ್ತು ಓಡಿ, ನಿಂತು, ಒಂದೆರಡು ನಿಮಿಷದ ಮೇಲೆ ತಾನಾಗಿ ಸರಿಹೋಗುವ ಗ್ಲಾಸ್ ಕೂಡ ಉಂಟು. ಬಹುತೇಕ ಮೋಟರುಗಳೊಳಗೆ ಬಿಸಿಯಾದರೆ ಕರೆಂಟ್ ತಡೆಯುವ ಒಂದು ಪುಟ್ಟ ಭಾಗವಿರುತ್ತದೆ. ಗ್ಲಾಸ್ ಬಿಗಿಯಾಗಿ ಮೋಟರ್ ತಿಣುಕಿದಾಗ ಅದು ದಾರಿ ಮುಚ್ಚುತ್ತದೆ, ತಣ್ಣಗಾದ ಮೇಲೆ ಬಿಡುತ್ತದೆ. ಇಲ್ಲಿ ತಪ್ಪು ಮೋಟರಿನದಲ್ಲ, ಬೀಡಿಂಗಿನದು.

ಫ್ಯೂಸ್

ಎಲ್ಲ ಗ್ಲಾಸುಗಳೂ ಒಟ್ಟಿಗೆ ನಿಂತಿದ್ದರೆ ನೇರವಾಗಿ ಫ್ಯೂಸ್ ಬಾಕ್ಸಿಗೆ ಹೋಗಿ. ಸಾಮಾನ್ಯವಾಗಿ 20 ಆಂಪಿನ ಹಳದಿ, 25ರ ಬಣ್ಣವಿಲ್ಲದ ಅಥವಾ 30ರ ಹಸಿರು ಫ್ಯೂಸ್ ಇರುತ್ತದೆ. ನಿಮ್ಮ ಕಾರಿನದು ಯಾವುದೆಂದು ಮುಚ್ಚಳದ ಚಿತ್ರದಲ್ಲಿದೆ. ಫ್ಯೂಸ್ ಚೆನ್ನಾಗಿದ್ದರೆ ರಿಲೇ, ಅದಾದ ಮೇಲೆ ಡ್ರೈವರ್ ಬಳಿ ಎಲ್ಲ ಗ್ಲಾಸುಗಳನ್ನೂ ಆಡಿಸುವ ಮಾಸ್ಟರ್ ಸ್ವಿಚ್ಚಿನ ಅರ್ಥ್. ಹೊಸ ಫ್ಯೂಸ್ ಹಾಕಿದ ಕೂಡಲೇ, ಯಾವ ಸ್ವಿಚ್ಚನ್ನೂ ಮುಟ್ಟದೆ, ಮತ್ತೆ ಸುಟ್ಟರೆ ಸ್ವಿಚ್ಚಿಗೆ ಬರುವ ದಾರಿಯಲ್ಲಿ ವೈರ್ ಕಾರಿನ ಲೋಹದ ಬಾಡಿಗೆ ತಗುಲಿದೆ. ಒಂದು ಗ್ಲಾಸಿನ ಸ್ವಿಚ್ ಒತ್ತಿದಾಗ ಮಾತ್ರ ಸುಟ್ಟರೆ ಆ ಬಾಗಿಲಿನ ವೈರ್ ಅಥವಾ ಮೋಟರ್. 20ರ ಜಾಗಕ್ಕೆ 30 ಹಾಕಿ ‘ನಿಂತಿತು’ ಎಂದು ಸಮಾಧಾನಪಟ್ಟರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ವೈರಿಂಗ್.

ಸ್ವಿಚ್ಚಿನ ಲೆಕ್ಕಾಚಾರ

ಪ್ಯಾಸೆಂಜರ್ ಬಾಗಿಲಿನ ಗ್ಲಾಸನ್ನು ಎರಡು ಕಡೆಯಿಂದ ಆಡಿಸಬಹುದು: ಡ್ರೈವರ್ ಬಳಿಯ ಮಾಸ್ಟರ್ ಸ್ವಿಚ್ಚಿನಿಂದ, ಆ ಬಾಗಿಲಿನದೇ ಸ್ವಿಚ್ಚಿನಿಂದ. ಸರಳ ವೈರಿಂಗ್ ಇರುವ ಕಾರಿನಲ್ಲಿ ಬಾಗಿಲಿನ ಸ್ವಿಚ್ಚಿಗೆ ಐದು ವೈರ್ ಬರುತ್ತವೆ. ಒಂದು 12 ವೋಲ್ಟ್. ಎರಡು ಮೋಟರಿಗೆ ಹೋಗುವವು. ಉಳಿದ ಎರಡು ಮಾಸ್ಟರ್ ಸ್ವಿಚ್ಚಿನಿಂದ ಬರುವವು, ಇವನ್ನು ಏರು ವೈರ್ ಮತ್ತು ಇಳಿ ವೈರ್ ಎಂದು ಕರೆಯೋಣ. ಬಾಗಿಲಿನ ಸ್ವಿಚ್ಚಿಗೆ ತನ್ನದೇ ಆದ ಅರ್ಥ್ ಇಲ್ಲ. ಅದು ಅರ್ಥ್ ಪಡೆಯುವುದು ಈ ಎರಡು ವೈರುಗಳ ಮೂಲಕ, ಮಾಸ್ಟರ್ ಸ್ವಿಚ್ಚಿನ ಹೊಟ್ಟೆಯೊಳಗಿಂದ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಂದು ಸ್ಕ್ರೂ ಕೂಡ ಬಿಚ್ಚದೆ ತಪ್ಪಿನ ಜಾಗ ಹಿಡಿಯಬಹುದು. ಎರಡೂ ಸ್ವಿಚ್ಚುಗಳಲ್ಲಿ ಏರಿಸಿ, ಇಳಿಸಿ. ನಾಲ್ಕು ಉತ್ತರಗಳನ್ನು ಬರೆದುಕೊಳ್ಳಿ.

ಬಾಗಿಲಿನ ಸ್ವಿಚ್ಚಿನಿಂದ ಏರುವುದಿಲ್ಲ, ಉಳಿದ ಮೂರೂ ಸರಿ: ಬಾಗಿಲಿನ ಸ್ವಿಚ್ಚಿನ ಏರು ಪಾಯಿಂಟ್ ಸುಟ್ಟಿದೆ. ಎರಡೂ ಕಡೆಯಿಂದ ಏರುವುದಿಲ್ಲ, ಎರಡೂ ಕಡೆಯಿಂದ ಇಳಿಯುತ್ತದೆ: ಮಾಸ್ಟರ್ ಸ್ವಿಚ್ಚಿನಲ್ಲಿ ಇಳಿ ವೈರನ್ನು ಅರ್ಥ್‌ಗೆ ಸೇರಿಸುವ ಪಾಯಿಂಟ್ ಹಾಳು. ಏರುವಾಗ ಕರೆಂಟ್ ವಾಪಸಾಗುವುದು ಇಳಿ ವೈರಿನಲ್ಲಿ ತಾನೆ? ಗ್ಲಾಸ್ ಹಿಂಬಾಗಿಲಿನದಾದರೂ ಕಾಯಿಲೆ ಡ್ರೈವರ್ ಬಾಗಿಲಿನಲ್ಲಿದೆ. ಇಲ್ಲಿ ಹಿಂಬಾಗಿಲು ಬಿಚ್ಚಿ ಮೋಟರ್ ಬದಲಿಸಿದರೆ ದುಡ್ಡು ದಂಡ.

ಮಾಸ್ಟರ್‌ನಿಂದ ಏನೂ ಆಗುವುದಿಲ್ಲ, ಬಾಗಿಲಿನ ಸ್ವಿಚ್ಚಿನಿಂದ ಒಂದೇ ದಿಕ್ಕಿಗೆ ಮಾತ್ರ ಆಡುತ್ತದೆ: ಏರು ಅಥವಾ ಇಳಿ ವೈರ್ ನಡುವೆ ತುಂಡಾಗಿದೆ, ಇಲ್ಲವೇ ಬಾಗಿಲಿನ ಸ್ವಿಚ್ಚಿನೊಳಗಿನ ಒಂದು ಪಾಯಿಂಟ್ ಕೂಡುತ್ತಿಲ್ಲ. ಏರಿದರೂ ಇಳಿಯದಿದ್ದರೆ ಏರು ವೈರನ್ನೂ, ಇಳಿದರೂ ಏರದಿದ್ದರೆ ಇಳಿ ವೈರನ್ನೂ ಶಂಕಿಸಿ. ಮಾಸ್ಟರ್‌ನಿಂದ ಎಲ್ಲ ಸರಿ, ಬಾಗಿಲಿನಿಂದ ಎರಡೂ ಇಲ್ಲ: ಡ್ರೈವರ್ ಪಕ್ಕದ ವಿಂಡೋ ಲಾಕ್ ಬಟನ್ ಒತ್ತಿಹೋಗಿದೆಯೇ ನೋಡಿ. ನಗಬೇಡಿ, ಇದಕ್ಕಾಗಿ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಿಸಿದವರಿದ್ದಾರೆ. ನಾಲ್ಕೂ ಇಲ್ಲ ಎಂದಾದರೆ ಆಗ ಮೋಟರ್ ಮತ್ತು ಅದರ ಕಪ್ಲರ್ (ವೈರುಗಳನ್ನು ಸಿಕ್ಕಿಸುವ ಪ್ಲಗ್) ಕಡೆ ಹೋಗಿ.

ಪಾಯಿಂಟ್ ಸುಡಲು ಕಾರಣವಿದೆ. ಗ್ಲಾಸ್ ಪೂರ್ತಿ ಏರಿದ ಮೇಲೂ ಸ್ವಿಚ್ ಎತ್ತಿ ಹಿಡಿದರೆ ನಿಂತ ಮೋಟರ್ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಬೆರಳು ಬಿಟ್ಟಾಗ ಪಾಯಿಂಟಿನಲ್ಲಿ ಕಿಡಿ ಹಾರುತ್ತದೆ. ಗ್ಲಾಸ್ ಇಳಿಸಿದಾಗ ಒಳಬಂದ ಮಳೆಹನಿ, ಚೆಲ್ಲಿದ ಕಾಫಿ, ಕರಾವಳಿಯ ಉಪ್ಪುಗಾಳಿ ಉಳಿದದ್ದನ್ನು ಮಾಡುತ್ತವೆ.

ಸ್ವಿಚ್ ಬಿಚ್ಚಿ ಒರೆಸಿದರೆ ಬಹಳ ಸಲ ಬದುಕುತ್ತದೆ. ದೊಡ್ಡ ಟ್ರೇನಲ್ಲಿ ಬಟ್ಟೆ ಹಾಸಿ, ಅದರ ಮೇಲೆ ತೆರೆಯಿರಿ. ಒಳಗಿನ ಸ್ಪ್ರಿಂಗು ಮತ್ತು ಪುಟ್ಟ ಗುಂಡುಗಳು ಹಾರಿದರೆ ಸಿಗುವುದಿಲ್ಲ. ತೆರೆಯುತ್ತಲೇ ಒಂದು ಫೋಟೊ ತೆಗೆದಿಡಿ. ಪಾಯಿಂಟಿನ ಕಪ್ಪನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಕಾಂಟ್ಯಾಕ್ಟ್ ಕ್ಲೀನರಿನಿಂದ ಒರೆಸಿ, ಹೋಗದಿದ್ದರೆ 1000 ನಂಬರಿನ ಎಮರಿ ಕಾಗದದಿಂದ ಒಂದೆರಡು ಸಲ ಹಗುರವಾಗಿ ಎಳೆಯಿರಿ. ಜೋರಾಗಿ ಉಜ್ಜಿದರೆ ಪಾಯಿಂಟಿನ ಮೇಲಿನ ಒಳ್ಳೆಯ ಲೋಹದ ಪದರವೇ ಹೋಗಿ, ಕೆಲವೇ ವಾರಗಳಲ್ಲಿ ಮತ್ತೆ ಸುಡುತ್ತದೆ. ಪ್ಲಾಸ್ಟಿಕ್ ಕರಗಿರುವುದು ಕಂಡರೆ ಒರೆಸುವ ಕಷ್ಟ ಬೇಡ, ಹೊಸದೇ ಹಾಕಿ.

ಬಾಗಿಲ ಸಂದಿನ ರಬ್ಬರ್ ಕೊಳವೆ

ಬಾಗಿಲಿಗೂ ಬಾಡಿಗೂ ನಡುವೆ ಕೀಲಿನ ಬಳಿ ಒಂದು ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಇದೆಯಲ್ಲ, ಬಾಗಿಲಿನ ಎಲ್ಲ ವೈರುಗಳೂ ಅದರೊಳಗಿವೆ. ಬಾಗಿಲು ತೆರೆದಾಗಲೆಲ್ಲ ಅವು ಬಾಗುತ್ತವೆ, ವರ್ಷಗಳಲ್ಲಿ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಹೆಚ್ಚು ತೆರೆದು ಮುಚ್ಚುವುದು ಡ್ರೈವರ್ ಬಾಗಿಲು, ಹಾಗಾಗಿ ಅಲ್ಲೇ ಹೆಚ್ಚು. ಗುರುತು ಸುಲಭ: ಸ್ವಿಚ್ ಒತ್ತಿ ಹಿಡಿದು ಬಾಗಿಲನ್ನು ನಿಧಾನ ತೆರೆದು ಮುಚ್ಚಿ. ಒಂದು ಕೋನದಲ್ಲಿ ಗ್ಲಾಸ್ ಓಡಿ ಇನ್ನೊಂದರಲ್ಲಿ ನಿಂತರೆ ಬೇರೆ ಸಾಕ್ಷಿ ಬೇಕಿಲ್ಲ. ಅದೇ ಬಾಗಿಲಿನ ಸ್ಪೀಕರ್ ಅಥವಾ ಸೆಂಟ್ರಲ್ ಲಾಕ್ ಕೂಡ ಆಗಾಗ ಕೈಕೊಡುತ್ತಿದ್ದರೆ ಇದೇ ಜಾಗ.

ಜೋಡಿಸುವಾಗ ಒಂದು ಎಚ್ಚರ. ಕಡಿದ ಜಾಗದಲ್ಲೇ ಸೋಲ್ಡರ್ ಹಾಕಿ ಟೇಪ್ ಸುತ್ತಿದರೆ, ಸೋಲ್ಡರ್ ಹಿಡಿದ ವೈರ್ ಬಾಗುವುದಿಲ್ಲ, ಅದರ ಅಂಚಿನಲ್ಲೇ ಮತ್ತೆ ಕಡಿಯುತ್ತದೆ. ಕೊಳವೆಯ ಎರಡೂ ಬದಿ, ಬಾಗದ ಭಾಗದಲ್ಲಿ ಕತ್ತರಿಸಿ, ನಡುವೆ ಮೂಲ ವೈರಿನಷ್ಟೇ ದಪ್ಪದ, ಸಣ್ಣ ಎಳೆಗಳ ಮೆತ್ತನೆಯ ವೈರ್ ಸೇರಿಸಿ, ಜೋಡಣೆಯನ್ನು ಕ್ರಿಂಪ್ ಮಾಡಿ (ಲೋಹದ ತುಂಡಿನಲ್ಲಿಟ್ಟು ಒತ್ತಿ ಬಿಗಿದು), ಬಿಸಿಗೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಹಲವು ವೈರುಗಳಿದ್ದರೆ ಜೋಡಣೆಗಳು ಒಂದರ ಪಕ್ಕ ಒಂದು ಬರದಂತೆ ಹಿಂದೆ ಮುಂದೆ ಇರಲಿ.

ಡೋರ್ ಪ್ಯಾಡ್ ಬಿಚ್ಚುವುದು

ಬೇಕಾದ್ದು: ಸ್ಟಾರ್ ಸ್ಕ್ರೂಡ್ರೈವರ್, 10 ಮಿಮೀ ಸಾಕೆಟ್, ಪ್ಲಾಸ್ಟಿಕ್ ಟ್ರಿಮ್ ಪಟ್ಟಿ, ಅಗಲದ ಮಾಸ್ಕಿಂಗ್ ಟೇಪ್, ಗ್ಲೌಸ್, ಮಲ್ಟಿಮೀಟರ್, ಮತ್ತು ಎರಡು ವೈರ್ ಕಟ್ಟಿದ ಒಂದು 21 ವಾಟಿನ ಇಂಡಿಕೇಟರ್ ಬಲ್ಬ್. ಈ ಬಲ್ಬು ಮೀಟರಿಗಿಂತ ಪ್ರಾಮಾಣಿಕ. ಒಂದೇ ಒಂದು ಎಳೆ ಉಳಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಬಲ್ಬ್ ಸುಮಾರು ಒಂದೂಮುಕ್ಕಾಲು ಆಂಪ್ ಎಳೆಯುವುದರಿಂದ ಅಂಥ ವೈರಿನಲ್ಲಿ ಮಂಕಾಗಿಬಿಡುತ್ತದೆ.

ಸೈಡ್ ಏರ್‌ಬ್ಯಾಗ್ ಇರುವ ಕೆಲವು ಕಾರುಗಳಲ್ಲಿ ಬಾಗಿಲಿನೊಳಗೆ ಅದರ ಸೆನ್ಸರ್ ಇರುತ್ತದೆ. ಅಂಥ ಕಾರಿನಲ್ಲಿ ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಬಿಟ್ಟು ಕೆಲಸ ಆರಂಭಿಸಿ, ಸೆನ್ಸರಿನ ಕಪ್ಲರ್ ತೆಗೆದಿದ್ದಾಗ ಇಗ್ನಿಷನ್ ಹಾಕಬೇಡಿ.

ಸ್ಕ್ರೂಗಳು ಸಾಮಾನ್ಯವಾಗಿ ಅಡಗಿರುವುದು ಒಳ ಹ್ಯಾಂಡಲಿನ ಹಿಂದೆ ಮತ್ತು ಬಾಗಿಲು ಎಳೆಯುವ ಹಿಡಿಯ ತಳದಲ್ಲಿ, ಪುಟ್ಟ ಮುಚ್ಚಳದ ಕೆಳಗೆ. ಅವು ಹೋದ ಮೇಲೆ ಕೆಳ ಅಂಚಿನಿಂದ ಟ್ರಿಮ್ ಪಟ್ಟಿ ಹಾಕಿ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ. ಕೊನೆಗೆ ಪ್ಯಾಡನ್ನು ನಿಮ್ಮತ್ತ ಎಳೆಯದೆ ಮೇಲಕ್ಕೆ ಎತ್ತಿ, ಅದು ಗ್ಲಾಸ್ ಇಳಿಯುವ ಸಂದಿನ ಅಂಚಿಗೆ ತೂಗುಹಾಕಿರುತ್ತದೆ. ಸ್ವಿಚ್ಚಿನ ಕಪ್ಲರ್ ಮತ್ತು ಹ್ಯಾಂಡಲಿನ ಕಡ್ಡಿ ಇನ್ನೂ ಕೂಡಿಕೊಂಡಿವೆ ಎನ್ನುವುದು ನೆನಪಿರಲಿ, ಅವನ್ನು ಬಿಡಿಸಿ. ಒಂದೆರಡು ಕ್ಲಿಪ್ ಮುರಿಯುವುದು ಖಂಡಿತ, ಮೊದಲೇ ತಂದಿಟ್ಟುಕೊಳ್ಳಿ. ಒಳಗೆ ಕಾಣುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ, ಅದರ ಕಪ್ಪು ಅಂಟಿನೊಂದಿಗೆ ನಿಧಾನವಾಗಿ ಬಿಡಿಸಿ. ಬಾಗಿಲೊಳಗೆ ಇಳಿಯುವ ಮಳೆನೀರು ಕಾರಿನೊಳಗೆ ಬರದಂತೆ ತಡೆಯುವುದು ಅದೇ.

ಈಗ ಸ್ವಿಚ್ಚಿನ ಕಪ್ಲರ್ ಮತ್ತೆ ಸಿಕ್ಕಿಸಿ, ಮೋಟರಿನ ಕಪ್ಲರ್ ತೆಗೆದು ಅದರ ಎರಡು ಪಿನ್ನುಗಳ ನಡುವೆ ಬಲ್ಬ್ ಹಿಡಿದು ಸ್ವಿಚ್ ಆಡಿಸಿ. ಏರು, ಇಳಿ ಎರಡಕ್ಕೂ ಬಲ್ಬ್ ಪೂರ್ತಿ ಬೆಳಗಿದರೆ ವೈರಿಂಗಿಗೆ ಕ್ಲೀನ್ ಚಿಟ್. ನಂತರ ಮೋಟರ್ ಕೂಡಿಸಿ, ಓಡುವಾಗ ಅದರ ಎರಡು ವೈರುಗಳ ನಡುವಿನ ವೋಲ್ಟೇಜ್ ನೋಡಿ. ಅದೇ ಹೊತ್ತಿನಲ್ಲಿ ಬ್ಯಾಟರಿಯಲ್ಲಿ ಇರುವುದಕ್ಕಿಂತ ಒಂದು ವೋಲ್ಟಿಗಿಂತ ಜಾಸ್ತಿ ಕಡಿಮೆಯಿದ್ದರೆ ದಾರಿಯಲ್ಲಿ ಎಲ್ಲೋ ತಡೆ ಇದೆ. ಮೊದಲ ಶಂಕೆ ಸ್ವಿಚ್ ಪಾಯಿಂಟ್ ಮೇಲೆ.

ಎರಡೇ ವೈರಿನ ಮೋಟರನ್ನು 20 ಆಂಪ್ ಫ್ಯೂಸ್ ಇರುವ ವೈರಿನಿಂದ ನೇರ ಬ್ಯಾಟರಿಗೆ ಕೊಟ್ಟು ನೋಡಬಹುದು. ವೈರ್ ಅದಲುಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ. ಎರಡಕ್ಕಿಂತ ಹೆಚ್ಚು ಪಿನ್ ಇದ್ದರೆ ಈ ಸಾಹಸ ಬೇಡ: ಅದರಲ್ಲಿ ಗ್ಲಾಸ್ ಎಲ್ಲಿದೆ ಎಂದು ಎಣಿಸುವ ಸೆನ್ಸರ್ ಇದೆ, ಕೆಲವದರಲ್ಲಿ ಒಂದು ಸಣ್ಣ ಕಂಪ್ಯೂಟರೇ ಇದೆ. ತಪ್ಪು ಪಿನ್ನಿಗೆ 12 ವೋಲ್ಟ್ ಹೋದರೆ ಅದು ಅಲ್ಲಿಗೇ ಮುಗಿಯಿತು. ಅಂಥ ಕಾರಿಗೆ ಸ್ಕ್ಯಾನರ್ ಇರುವವರ ಬಳಿ ಹೋಗುವುದೇ ಒಳ್ಳೆಯದು.

ಮೆಷಿನ್ ಬದಲಿಸುವಾಗ

ಗ್ಲಾಸಿನ ಎರಡು ಬೋಲ್ಟುಗಳು ಬಾಗಿಲಿನ ತೂತುಗಳಿಗೆ ನೇರವಾಗಿ ಬರುವಷ್ಟು ಗ್ಲಾಸನ್ನು ಸರಿಸಿ, ಬೋಲ್ಟ್ ಬಿಚ್ಚಿ. ಗ್ಲಾಸನ್ನು ಕೈಯಿಂದ ಪೂರ್ತಿ ಮೇಲೆತ್ತಿ, ಬಾಗಿಲಿನ ಚೌಕಟ್ಟಿನ ಮೇಲಿಂದ ಒಳಗೂ ಹೊರಗೂ ಟೇಪ್ ಎಳೆದು ನಿಲ್ಲಿಸಿ, ಒಂದಲ್ಲ, ಮೂರು ನಾಲ್ಕು ಪಟ್ಟಿ. ಬಾಗಿಲಿನ ಗ್ಲಾಸ್ ಸಾಮಾನ್ಯವಾಗಿ ಟೆಂಪರ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು. ನಡುವೆ ಗುದ್ದಿದರೂ ತಡೆಯಬಹುದು, ಅಂಚಿಗೆ ಸ್ಪ್ಯಾನರ್ ತಾಗಿದರೆ ಪುಡಿಪುಡಿ.

ಕತ್ತರಿ ಮೆಷಿನ್ ಆಗಿದ್ದರೆ ಮೋಟರ್ ಬಿಚ್ಚುವ ಮುಂಚೆ ನಿಲ್ಲಿ. ಆ ಸುರುಳಿ ಸ್ಪ್ರಿಂಗನ್ನು ತಡೆದು ಹಿಡಿದಿರುವುದೇ ಮೋಟರಿನ ಹಲ್ಲು. ಮೋಟರ್ ತೆಗೆದ ಕ್ಷಣ ತೋಳು ಬೆರಳು ಮುರಿಯುವ ಜೋರಿನಲ್ಲಿ ತಿರುಗುತ್ತದೆ. ಹಲ್ಲಿನ ಪಟ್ಟಿಯನ್ನು ಸಿ ಕ್ಲ್ಯಾಂಪಿನಿಂದ ಅಥವಾ ತೂತಿನಲ್ಲಿ ಬೋಲ್ಟ್ ತೂರಿಸಿ ಭದ್ರ ಮಾಡದೆ ಮುಟ್ಟಲೇಬೇಡಿ. ಕೇಬಲ್ ಮೆಷಿನ್‌ನಲ್ಲಿ ಈ ಅಪಾಯವಿಲ್ಲ, ಆದರೆ ಬಿರಿದ ಕೇಬಲಿನ ಎಳೆಗಳು ಸೂಜಿಯಂತೆ ಚುಚ್ಚುವುದರಿಂದ ಗ್ಲೌಸ್ ಬೇಕು. ಕೆಲವು ಕಾರುಗಳಲ್ಲಿ ಮೆಷಿನ್ ಬೋಲ್ಟಿನ ಬದಲು ರಿವೆಟ್ಟಿನಲ್ಲಿ ಕೂತಿರುತ್ತದೆ. ರಿವೆಟ್ ತಲೆಯನ್ನು ಡ್ರಿಲ್ ಮಾಡಿ ತೆಗೆಯಬೇಕು, ಒಳಗೆ ಬಿದ್ದ ಚೂರುಗಳನ್ನು ಹೆಕ್ಕಬೇಕು. ಇಲ್ಲದಿದ್ದರೆ ಬಾಗಿಲು ಹಾಕಿದಾಗಲೆಲ್ಲ ಗಲಗಲ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕಾರು ಕಂಪನಿಯದಲ್ಲದ, ಹೊರಗಿನ ಕಂಪನಿಗಳ ಮೆಷಿನ್ ಸಿಗುತ್ತದೆ. ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಸ್ಲೈಡರಿನ ದಪ್ಪ, ಬೋಲ್ಟ್ ತೂತುಗಳ ಅಂತರ, ಕಪ್ಲರಿನ ಪಿನ್ನುಗಳನ್ನು ಹೋಲಿಸಿ. ಎಡ ಬಲ ಬೇರೆ ಬೇರೆ, ಮುಂದೆ ಹಿಂದೆ ಬೇರೆ ಬೇರೆ. ಕೂಡಿಸುವಾಗ ಹಳಿಯ ಬೋಲ್ಟುಗಳನ್ನು ಒಮ್ಮೆಲೇ ಬಿಗಿಯಬೇಡಿ. ಸಡಿಲವಾಗಿ ಹಾಕಿ, ಗ್ಲಾಸನ್ನು ಪೂರ್ತಿ ಮೇಲೇರಿಸಿ, ಅದು ತನ್ನ ಚಾನೆಲ್ಲಿನಲ್ಲಿ ನೇರವಾಗಿ ಕೂತ ಮೇಲೆ ಬಿಗಿಯಿರಿ. ಮೊದಲೇ ಬಿಗಿದರೆ ಹಳಿ ಕೂದಲೆಳೆಯಷ್ಟು ಓರೆಯಾಗಿ, ಹೊಸ ಮೋಟರ್ ಮೊದಲ ದಿನದಿಂದಲೇ ಹೆಣಗಲು ಶುರುಮಾಡುತ್ತದೆ.

ಬೀಡಿಂಗ್ ಮತ್ತು ಆಟೋ ಅಪ್

ಗ್ಲಾಸ್ ಬಿಚ್ಚಿರುವಾಗಲೇ ಅದನ್ನು ಕೈಯಿಂದ ಏರಿಸಿ ಇಳಿಸಿ ನೋಡಿ. ಚಾನೆಲ್ಲಿನಲ್ಲಿ ಸಲೀಸಾಗಿ ಜಾರಬೇಕು. ಜಾರದಿದ್ದರೆ ಚಾನೆಲ್ಲಿನ ಧೂಳನ್ನು ಒದ್ದೆ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯಿಂದ ಕೆಳತನಕ ತೆಗೆಯಿರಿ, ಕೆಂಪು ಮಣ್ಣಿನ ಊರುಗಳಲ್ಲಿ ಅದು ಗಾರೆಯಂತೆ ಗಟ್ಟಿಯಾಗಿರುತ್ತದೆ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಂಜಿನ್ ಆಯಿಲ್, ಗ್ರೀಸ್, ಡಬ್ಲ್ಯುಡಿ-40 ರಬ್ಬರಿಗೆ ಬೇಡ: ಧೂಳು ಹಿಡಿಯುತ್ತವೆ, ಕೆಲವು ರಬ್ಬರನ್ನು ಉಬ್ಬಿಸುತ್ತವೆ. ಬಿಳಿ ಲಿಥಿಯಂ ಗ್ರೀಸ್ ಲೋಹದ ಹಳಿಗೆ ಮಾತ್ರ. ಚಾನೆಲ್ ಒಳಗೆ ತುರುಕುವ ಬಗೆಯ ರೈನ್ ವೈಸರ್ ಹಾಕಿಸಿದ್ದರೆ ಅದನ್ನು ತೆಗೆದು ಒಮ್ಮೆ ಓಡಿಸಿ ನೋಡಿ. 2012ರ ಸುಪ್ರೀಂ ಕೋರ್ಟ್ ಆದೇಶದ ನಂತರ ಸನ್ ಫಿಲ್ಮ್ ಕಿತ್ತ ಹಳೆಯ ಕಾರುಗಳಲ್ಲಿ ಗ್ಲಾಸಿನ ಅಂಚಿಗೆ ಉಳಿದ ಅಂಟೂ ಇದೇ ತೊಂದರೆ ಕೊಡುತ್ತದೆ.

ಒಂದೇ ಸಲ ಒತ್ತಿದರೆ ಏರುವ ಆಟೋ ಅಪ್ ಗ್ಲಾಸ್ ಪೂರ್ತಿ ಏರದೆ ವಾಪಸ್ ಇಳಿಯುತ್ತಿದ್ದರೆ, ಬಿಗಿಯನ್ನು ಅದು ಸಿಕ್ಕಿಕೊಂಡ ಕೈ ಎಂದು ತಿಳಿಯುತ್ತಿದೆ. ಚಾನೆಲ್ ಶುಚಿಮಾಡಿದ ಮೇಲೆ ಅದಕ್ಕೆ ಮತ್ತೆ ಪಾಠ ಹೇಳಬೇಕು. ಬ್ಯಾಟರಿ ತೆಗೆದು ಹಾಕಿದಾಗಲೂ ಅಷ್ಟೇ. ಹಲವು ಕಾರುಗಳಲ್ಲಿ ಕ್ರಮ ಹೀಗೆ: ಗ್ಲಾಸ್ ಪೂರ್ತಿ ಇಳಿಸಿ, ಸ್ವಿಚ್ ಎತ್ತಿ ಹಿಡಿದು ಪೂರ್ತಿ ಏರಿಸಿ, ಏರಿದ ಮೇಲೂ ಎರಡು ಮೂರು ಸೆಕೆಂಡ್ ಹಿಡಿದೇ ಇರಿ. ನಿಮ್ಮ ಕಾರಿನ ಕ್ರಮ ಮಾಲೀಕರ ಕೈಪಿಡಿಯಲ್ಲಿದೆ. ಪಾಠ ಮುಗಿಯುವತನಕ ಸಿಕ್ಕಿಕೊಂಡರೆ ವಾಪಸ್ ಇಳಿಯುವ ರಕ್ಷಣೆ ಕೆಲಸ ಮಾಡದಿರಬಹುದು, ಆ ಹೊತ್ತಿನಲ್ಲಿ ಮಕ್ಕಳು ಕಿಟಕಿಯಿಂದ ದೂರವಿರಲಿ.

ಪ್ಯಾಡ್ ಮುಚ್ಚುವ ಮುಂಚೆ ಬಾಗಿಲಿನ ತಳದಲ್ಲಿರುವ ನೀರಿನ ತೂತುಗಳಿಗೆ ಒಂದು ತಂತಿ ಆಡಿಸಿ, ಅವು ಕಟ್ಟಿದ್ದರೆ ನೀರು ನಿಂತು ಮೋಟರಿಗೆ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಒತ್ತಿ ಅಂಟಿಸಿ, ಹಳೆಯ ಅಂಟು ಒಣಗಿದ್ದರೆ ಬ್ಯುಟೈಲ್ ಟೇಪ್ (ಅಂಟಂಟಾದ ರಬ್ಬರ್ ಪಟ್ಟಿ) ಹಾಕಿ. ಪ್ಯಾಡ್ ಕೂರಿಸಿದ ಮೇಲೆ ಗ್ಲಾಸ್ ಮುಚ್ಚಿ ಹೊರಗಿನಿಂದ ಒಂದು ಬಕೆಟ್ ನೀರು ನಿಧಾನವಾಗಿ ಸುರಿಯಿರಿ. ನೀರು ಬಾಗಿಲಿನ ತಳದಿಂದ ಮಾತ್ರ ತೊಟ್ಟಿಕ್ಕಬೇಕು. ಕಾಲಡಿಯ ಮ್ಯಾಟ್ ಒದ್ದೆಯಾದರೆ ಹಾಳೆ ಎಲ್ಲೋ ಬಿಟ್ಟಿದೆ, ಪ್ಯಾಡನ್ನು ಇನ್ನೊಮ್ಮೆ ತೆಗೆಯಬೇಕು.